ಯುಡಿಐಡಿ ಸೇವೆ: ಅರ್ಜಿ ಸಲೀಸು, ತಪಾಸಣೆಯೇ ತಡ

ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ (ಯುಡಿಐಡಿ) ಅರ್ಜಿ ಹಾಕುವುದು ಸುಲಭ: ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ಆಧಾರ್. ತೊಡಕಿರುವುದು ವೈದ್ಯಕೀಯ ತಪಾಸಣೆಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅವನ್ನೆಲ್ಲ ಅಳೆಯಬಲ್ಲ ತಜ್ಞರು ಪ್ರತಿ ಆಸ್ಪತ್ರೆಯಲ್ಲೂ ಇಲ್ಲ. ಆ ಕಾಯ್ದೆಯ ನಿಯಮಗಳಿಗೆ ತಂದ 2024ರ ತಿದ್ದುಪಡಿಯಂತೂ ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಗಡುವನ್ನು ಒಂದು ತಿಂಗಳಿಂದ ಮೂರು ತಿಂಗಳಿಗೆ ಹಿಗ್ಗಿಸಿತು. ಇದು ಅನ್ಯಾಯ. ಅಂಗವೈಕಲ್ಯ ಕನಿಷ್ಠ ಶೇ 40 ಎಂದು ಬರೆದ ಪತ್ರ ಕೈಸೇರುವ ತನಕ ಮಾಸಾಶನದ ಕಡತ ಅಲುಗುವುದಿಲ್ಲ. ಅಷ್ಟರಲ್ಲಿ ಮಾತ್ರೆ ನಿಲ್ಲುತ್ತದೆ, ಕೈಸಾಲ ಏರುತ್ತದೆ, ನೋಡಿಕೊಳ್ಳುವ ತಾಯಿಗೆ ಕೂಲಿಯೂ ತಪ್ಪುತ್ತದೆ.

ಹೆಸರು ಆಧಾರ್‌ನಲ್ಲಿರುವಂತೆಯೇ ತುಂಬಿ. ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಗಾಗ ಸ್ಥಿತಿ ನೋಡಿ. ತಪಾಸಣೆಗೆ ಹಳೆಯ ಚಿಕಿತ್ಸಾ ದಾಖಲೆಗಳ ಮೂಲಪ್ರತಿ ಒಯ್ಯಿರಿ. ಎರಡು ವರ್ಷ ಮೀರಿಯೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯವಾಗುತ್ತದೆ. ಮತ್ತೆ ಮೊದಲಿನಿಂದ ಹಾಕಬೇಕು.