ಜೇನುಮೇಣ, ನೂಲೆಳೆ, ಕರಣೆ: ಮಕ್ಕಳ ವಾದ್ಯ ಪರಿಚಯ ತರಗತಿಯೊಂದರ ವಿಮರ್ಶೆ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ವಾದ್ಯಗಳನ್ನು ಮಾರುವ ಮತ್ತು ರಿಪೇರಿ ಮಾಡುವ ಸಣ್ಣ ಅಂಗಡಿಯೊಂದಿದೆ. ಹತ್ತರಿಂದ ಹದಿನಾರು ವರ್ಷದ ಮಕ್ಕಳಿಗೆ ನಮ್ಮ ವಾದ್ಯಗಳನ್ನು ಪರಿಚಯಿಸಲೆಂದು ಅಲ್ಲಿ ನಾಲ್ಕು ಭಾನುವಾರಗಳ ತರಗತಿ ನಡೆಯುತ್ತದೆ. ತಂಡಕ್ಕೆ ಎಂಟು ಮಕ್ಕಳು, ಶುಲ್ಕ ತಲಾ 1,200 ರೂಪಾಯಿ, ಬೆಳಿಗ್ಗೆ 10ರಿಂದ 12.30ರವರೆಗೆ. ಹನ್ನೊಂದು ವರ್ಷದ ಮಗನನ್ನೂ ಹದಿನಾಲ್ಕರ ಅಕ್ಕನ ಮಗಳನ್ನೂ ಸೇರಿಸಿ, ನಾಲ್ಕು ವಾರವೂ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಒಂಬತ್ತನೆಯ ಮಗುವಿಗೆ ಚಾಪೆ ಹಾಸಲು ಜಾಗವಿಲ್ಲ, ದಯವಿಟ್ಟು ಹೆಸರು ಬರೆಯಬೇಡಿ ಎಂದು ಅಂಗಡಿಯವರೇ ಕೇಳಿಕೊಂಡಿದ್ದರಿಂದ ಹೆಸರನ್ನು ಬಿಟ್ಟಿದ್ದೇನೆ.

ಮೊದಲ ಭಾನುವಾರ ನಿರಾಶೆಯದು. ಒಂದು ಗಂಟೆಗೂ ಮೀರಿ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ತೋರಿಸುತ್ತಾ ಪರಂಪರೆಯ ಹಿರಿಮೆಯನ್ನು ಹೇಳಿದರು. ಪಕ್ಕದಲ್ಲೇ ಎರಡು ವೀಣೆಗಳಿದ್ದರೂ ಯಾವ ಮಗುವಿಗೂ ಮುಟ್ಟುವ ಅವಕಾಶ ಸಿಗಲಿಲ್ಲ. ಹಂಚಿದ ಹಾಳೆಯಲ್ಲಿ ವೀಣೆಗೆ ಐದು ಸಾವಿರ ವರ್ಷಗಳ ಇತಿಹಾಸವಿದೆ ಎಂದಿತ್ತು. ವೀಣೆ ಎಂಬ ಹೆಸರು ಬಹಳ ಹಳೆಯದು, ನಿಜ. ಆದರೆ ಹಿಂದೆ ಅದೇ ಹೆಸರು ಬಿಲ್ಲಿನಾಕಾರದ ವಾದ್ಯಗಳಿಗೂ ಇತ್ತು, ಮತ್ತು ಇಪ್ಪತ್ತನಾಲ್ಕು ಸ್ಥಿರ ಮೆಟ್ಟಿಲುಗಳ (ತಂತಿಯನ್ನು ಒತ್ತಿ ಸ್ವರ ಹಿಡಿಯುವ ಲೋಹದ ಪಟ್ಟಿಗಳ) ಇಂದಿನ ಸರಸ್ವತಿ ವೀಣೆಯನ್ನು ಹದಿನೇಳನೆಯ ಶತಮಾನದ ತಂಜಾವೂರಿನ ರಘುನಾಥ ನಾಯಕನ ಕಾಲಕ್ಕೆ ಹೇಳುವುದು ವಾಡಿಕೆ. ವಯಸ್ಸನ್ನು ಹಿಗ್ಗಿಸಿದರೆ ವಾದ್ಯದ ಮೇಲೆ ಮಕ್ಕಳಿಗೆ ಅಕ್ಕರೆ ಹುಟ್ಟುತ್ತದೆಂದು ನನಗೆ ಅನಿಸುವುದಿಲ್ಲ. ಆ ದಿನ ಮಕ್ಕಳು ಕತ್ತೆತ್ತಿ ಕೇಳಿದ್ದು ಒಂದೇ ಕಥೆಯನ್ನು: ಯುರೋಪಿನಿಂದ ಬಂದ ಪಿಟೀಲಿಗೆ ಇಲ್ಲೇ ಹತ್ತಿರದ ತಿರುಮಕೂಡಲಿನ ಟಿ. ಚೌಡಯ್ಯನವರು ಏಳು ತಂತಿ ಹೂಡಿದ ಕಥೆ. ಅದನ್ನೂ ಎರಡೇ ವಾಕ್ಯಗಳಲ್ಲಿ ಮುಗಿಸಿದರು.

ಎರಡನೆಯ ವಾರ ಲ್ಯಾಪ್‌ಟಾಪು ಮುಚ್ಚಿತ್ತು, ತರಗತಿ ಅಂಗಡಿಯ ಹಿಂಭಾಗದ ರಿಪೇರಿ ಕೋಣೆಗೆ ಸರಿದಿತ್ತು. ಅಲ್ಲಿಂದ ಮುಂದಕ್ಕೆ ಇದು ಬೇರೆಯೇ ತರಗತಿ. ಯಾರೋ ಗಿರಾಕಿಯ ಹಳೆಯ ವೀಣೆಗೆ ಅಂದು ಮೇಳ ಕಟ್ಟುವುದಿತ್ತು, ಎಂದರೆ ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸುವುದಿತ್ತು. ಅಂಗಡಿಯ ಹಿರಿಯರು, ಮಕ್ಕಳ ಬಾಯಲ್ಲಿ ಅವರು ಮೊದಲ ಹತ್ತು ನಿಮಿಷದಲ್ಲೇ ತಾತ ಆಗಿಬಿಟ್ಟರು, ಹಳೆಯ ಮೆಟ್ಟಿಲುಗಳನ್ನು ಬಿಡಿಸಿ, ಮಸಿ ಬೆರೆಸಿದ ಜೇನುಮೇಣವನ್ನು ಕಾಯಿಸಿ ದಂಡಿಯ ಎರಡೂ ಅಂಚಿಗೆ ಹಾಸಿ, ಅದರ ಮೇಲೆ ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತಾ, ಪ್ರತಿ ಸಲವೂ ತಂತಿ ಮೀಟಿ ಕೇಳಿ ಮತ್ತೆ ಸರಿಸುತ್ತಿದ್ದರು. ಅಳತೆಪಟ್ಟಿ ಎಲ್ಲಿ ಎಂದು ಮಗ ಕೇಳಿದ್ದಕ್ಕೆ ಅವರು ಮಾತಾಡದೆ ಕಿವಿ ಮುಟ್ಟಿ ತೋರಿಸಿದರು. ಅಕ್ಕಿಕಾಳಿನಷ್ಟು ಜರುಗಿಸಿದರೂ ಸ್ವರ ತಪ್ಪುವುದನ್ನು ಮಕ್ಕಳೇ ಗುರುತಿಸಬೇಕೆಂದು ಬೇಕೆಂದೇ ಒಂದು ಮೆಟ್ಟಿಲನ್ನು ಓರೆಯಾಗಿ ಇಟ್ಟು ಮೀಟಿದರು. ಎಂಟರಲ್ಲಿ ಆರು ಮಕ್ಕಳು ತಪ್ಪನ್ನು ಹಿಡಿದರು. ಇಪ್ಪತ್ತನಾಲ್ಕೇ ಏಕೆ ಎಂಬ ಪ್ರಶ್ನೆಗೆ ಉತ್ತರವೂ ಹೀಗೆಯೇ ಬಂತು: ಒಂದು ಸ್ಥಾಯಿಗೆ ಹನ್ನೆರಡು ಸ್ವರಸ್ಥಾನ, ಒಂದು ತಂತಿಯ ಮೇಲೆ ಎರಡು ಸ್ಥಾಯಿ. ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುವುದರಿಂದ ವೀಣೆಯನ್ನು ಕಿಟಕಿಯ ಪಕ್ಕ ಇಡಬಾರದೆಂಬುದು, ಕೊಡ ಮತ್ತು ದಂಡಿಗೆ ಹಲಸಿನ ಮರವನ್ನೇ ಆರಿಸುತ್ತಾರೆಂಬುದು, ನುಡಿಸುವ ತಂತಿ ನಾಲ್ಕಾದರೆ ತಾಳದ ತಂತಿ ಮೂರೆಂಬುದು, ಇವೆಲ್ಲ ಕೆಲಸದ ನಡುವೆ ತಾವಾಗಿಯೇ ಬಂದ ಮಾತುಗಳು. ಹಿಂದಿನ ವಾರದ ಹಾಳೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ನುಡಿಸುವ ಸರದಿ ಬಂದಾಗ ಮಾತ್ರ ತೊಡಕಾಯಿತು. ಎರಡು ವೀಣೆಗಳಿಗೆ ಎಂಟು ಮಕ್ಕಳೆಂದರೆ ಕಾಯುವುದೇ ಹೆಚ್ಚು. ದೊಡ್ಡವರ ಅಳತೆಯ ವೀಣೆಯನ್ನು ಹಿಡಿದು ಕೂರಲು ಸಣ್ಣ ಮಕ್ಕಳಿಗೆ ಆಗುವುದೂ ಇಲ್ಲ. ನನ್ನ ಮಗನ ಎಡಗೈ ಮೇಲಿನ ಮೆಟ್ಟಿಲುಗಳನ್ನು ತಲುಪಲೇ ಇಲ್ಲ. ಚಿಕ್ಕ ಅಳತೆಯದೊಂದು ಇದ್ದಿದ್ದರೆ ಅವನ ಉತ್ಸಾಹ ಅಲ್ಲಿಗೇ ನಿಲ್ಲುತ್ತಿರಲಿಲ್ಲ.

ಮೂರನೆಯ ವಾರದ ತಂಬೂರಿಯ ಪಾಠವನ್ನು ನಾನು ಬಹಳ ದಿನ ಮರೆಯಲಾರೆ. ಹಿರಿಯರು ನಾಲ್ಕು ತಂತಿಗಳನ್ನು ಶ್ರುತಿ ಮಾಡಿ ಮೀಟಿದರು, ಕೋಣೆ ತುಂಬಿಕೊಂಡಿತು. ಬಳಿಕ ತಂತಿಗಳನ್ನು ಹೊರುವ ಕುದುರೆ ಎಂಬ ಸಣ್ಣ ಪೀಠದ ಮೇಲೆ ತಂತಿಗಳ ಅಡಿಗೆ ಸಿಕ್ಕಿಸಿದ್ದ ನೂಲೆಳೆಗಳನ್ನು ಎಳೆದು ತೆಗೆದು ಮತ್ತೆ ಮೀಟಿದರು. ಸ್ವರ ಅದೇ, ಆದರೆ ಝೇಂಕಾರ ಇಂಗಿಹೋಗಿ ಬರಿಯ ತಂತಿಯ ಸದ್ದು ಉಳಿಯಿತು. ಆ ಎಳೆಗೆ ಜೀವ ಎಂದೇ ಹೆಸರು ಎಂದು ಅವರು ಹೇಳುವ ಹೊತ್ತಿಗೆ ಅಕ್ಕನ ಮಗಳು ಎಳೆಯನ್ನು ಕೈಗೆ ತೆಗೆದುಕೊಂಡು ತಾನೇ ಸಿಕ್ಕಿಸಲು ಕುಳಿತಿದ್ದಳು. ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ ಸರಿಯಾದ ಜಾಗ ಹುಡುಕಲು ಅವಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮೃದಂಗಕ್ಕೂ ಇದೇ ಕ್ರಮ. ಕರಣೆ ಎಂಬ ಕಪ್ಪು ಲೇಪ ಹಾಕದ ಚರ್ಮದ ಮುಚ್ಚಿಗೆಯೊಂದನ್ನೂ ಕರಣೆ ಹಾಕಿದ ಬಲಭಾಗವನ್ನೂ ಮಕ್ಕಳಿಂದಲೇ ಬಾರಿಸಿ ಕೇಳಿಸಿದರು. ಮೊದಲನೆಯದರಲ್ಲಿ ಬರೀ ಸದ್ದು, ಎರಡನೆಯದರಲ್ಲಿ ಸ್ವರ. ಕಿಟ್ಟದ ಪುಡಿಯನ್ನು ಅನ್ನದೊಂದಿಗೆ ಅರೆದು ಪದರ ಪದರವಾಗಿ ಮೆತ್ತುವ ಆ ಕಪ್ಪು ವೃತ್ತದಿಂದಾಗಿ ಮೂಲನಾದದ ಜೊತೆಗೇ ಹೊಮ್ಮುವ ಮೇಲಿನ ನಾದಗಳು ಅದರೊಂದಿಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿಯೇ ಸಹಲೇಖಕರೊಬ್ಬರೊಂದಿಗೆ ಪ್ರಕಟಿಸಿದ್ದರು. ಇದನ್ನು ತರಗತಿಯಲ್ಲಿ ಯಾರೂ ಹೇಳಲಿಲ್ಲ, ಮನೆಗೆ ಬಂದ ಮೇಲೆ ನಾನು ಹೇಳಿದೆ. ವಿಜ್ಞಾನವೆಂದರೆ ಪ್ರಾಣ ಬಿಡುವ ಮಕ್ಕಳಿಗಾಗಿ ಅವರು ಸೇರಿಸಿಕೊಂಡರೆ ಒಳ್ಳೆಯದು.

ಕೊಳಲು, ಕಂಸಾಳೆ, ಡೊಳ್ಳು ಈ ಮೂರನ್ನೂ ಕೊನೆಯ ಭಾನುವಾರದ ಒಂದೇ ಬೆಳಗಿಗೆ ತುರುಕಿದ್ದು ಈ ತರಗತಿಯ ದೊಡ್ಡ ಕೊರತೆ. ಕೊಳಲಿನಲ್ಲಿ ಇಬ್ಬರಿಗೆ ಮಾತ್ರ ನಾದ ಹೊರಟಿತು, ಅದು ಎಲ್ಲ ಕಡೆಯೂ ಹಾಗೆಯೇ. ಕಂಸಾಳೆಗೆ ದೊರೆತದ್ದು ಅರ್ಧ ಗಂಟೆ. ಕಲಿಸಲು ಬಂದಿದ್ದವರು ಮಲೆ ಮಹದೇಶ್ವರನ ಪದ ಹಾಡುವ ದೇವರಗುಡ್ಡರ ಮನೆತನದ ಯುವಕರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ ಹಿಡಿದು, ಬೀಸಿ ಹೊಡೆಯುವ ಲಯವನ್ನು ಅವರು ತೋರಿಸತೊಡಗಿದಾಗ ಮಕ್ಕಳು ಮೊದಲ ಬಾರಿಗೆ ಎದ್ದುನಿಂತರು. ಮೈಯೆಲ್ಲ ಚಲಿಸುವ ಈ ವಾದ್ಯವನ್ನು ಮೊದಲ ವಾರಕ್ಕೆ ತಂದು ಉಪನ್ಯಾಸವನ್ನು ಕೈಬಿಟ್ಟಿದ್ದರೆ ತರಗತಿಯ ಸ್ವರೂಪವೇ ಬೇರೆಯಾಗುತ್ತಿತ್ತು. ಮಲೆ ಮಹದೇಶ್ವರನ ಪದಗಳು ಹಾಡಿಕೊಂಡು ಬಂದ ಸೀಮೆಯಲ್ಲಿ ಕುಳಿತು ಕಂಸಾಳೆಯನ್ನು ಕೊನೆಯ ಎಲೆಯ ಉಪ್ಪಿನಕಾಯಿಯಂತೆ ಬಡಿಸಬಾರದು.

ತಮಟೆಯನ್ನಂತೂ ಪಟ್ಟಿಗೇ ಸೇರಿಸಿಲ್ಲ. ಕೇಳಿದೆ. ಅದು ಬೀದಿಯಲ್ಲಿ ಹೇಗೂ ಕೇಳಿಸುತ್ತದಲ್ಲ ಎಂಬ ಉತ್ತರ ಬಂತು. ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿಗೊಳಿಸಿ ನಾದ ಹದಗೊಳಿಸುವುದೂ ತಂತಿಯ ಬಿರಡೆ ತಿರುಗಿಸಿ ಶ್ರುತಿ ಕೂಡಿಸುವುದೂ ಕಿವಿಯ ಕೆಲಸವೇ. ಇಷ್ಟು ಚೆನ್ನಾಗಿ ಕಿವಿಯನ್ನು ತಿದ್ದುವ ಅಂಗಡಿಗೆ ಅದು ಗೊತ್ತಿಲ್ಲವೆಂದು ನಾನು ನಂಬಲಾರೆ. ಯಾವ ವಾದ್ಯ ಯಾವ ಕೇರಿಯದು ಎಂಬ ಹಳೆಯ ಲೆಕ್ಕ ಇಲ್ಲೂ ಕೆಲಸ ಮಾಡಿದೆ. ಮಕ್ಕಳು ಅದನ್ನು ಬಾಯಿಬಿಟ್ಟು ಕೇಳದಿದ್ದರೂ ಗಮನಿಸದೆ ಇರುವುದಿಲ್ಲ.

ಇಷ್ಟಾದರೂ ಕೊಟ್ಟ ಹಣಕ್ಕೆ ಮೋಸವಿಲ್ಲ, ಮುಂದಿನ ತಂಡಕ್ಕೆ ಪಕ್ಕದ ಮನೆಯ ಹುಡುಗಿಯನ್ನೂ ಕಳುಹಿಸುತ್ತಿದ್ದೇನೆ. ಮೊದಲ ಭಾನುವಾರ ಹನ್ನೊಂದೂವರೆಗೆ ಹೋದರೆ ಸಾಕೆಂದು ಹೇಳಿಟ್ಟಿದ್ದೇನೆ. ತರಗತಿ ಮುಗಿಸಿದವರಿಗೆ ಅಂಗಡಿಯು ವಾದ್ಯಗಳನ್ನು ತಿಂಗಳ ಬಾಡಿಗೆಗೆ ಕೊಡುತ್ತದೆ. ಅಕ್ಕನ ಮಗಳು ವೀಣೆ ಕೇಳುತ್ತಾಳೆಂದು ನಾವೆಲ್ಲ ಎಣಿಸಿದ್ದೆವು, ಅವಳು ತಂಬೂರಿ ಕೇಳಿದಳು. ಹಿರಿಯರು ನಾಲ್ಕೂ ತಂತಿ ಸಡಿಲಿಸಿ, ಜೀವದ ಎಳೆಗಳನ್ನು ಬಿಚ್ಚಿ ಬೇರೆ ಪೊಟ್ಟಣದಲ್ಲಿ ಕಟ್ಟಿ ಅವಳ ಕೈಗಿತ್ತರು.