ವಾಟ್ಸಾಪ್, ಇಮೇಲ್, ಫೋನ್: ದಾನಿಗಳು, ಸ್ವಯಂಸೇವಕರು ನಮ್ಮ ಜೊತೆ ಉಳಿಯೋಕೆ ಯಾವುದು ವಾಸಿ?

ನಮ್ಮದು ಸಣ್ಣ ಸಂಸ್ಥೆ. ಈ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಫೋನಿಗೆ. ಹಾಗಂತ ಉಳಿದೆರಡು ದಂಡ ಅಂತಲ್ಲ.

ವಾಟ್ಸಾಪ್ ಗುಂಪು ಸ್ವಯಂಸೇವಕರಿಗೆ ಹೇಳಿ ಮಾಡಿಸಿದ್ದು. "ನಾಳೆ ಬರೋಕಾಗಲ್ಲ, ನನ್ನ ಬದಲು ಯಾರಾದ್ರೂ?" ಅಂತ ಒಬ್ಬರು ಹಾಕಿದರೆ ಸ್ವಲ್ಪ ಹೊತ್ತಿಗೇ ಇನ್ನೊಬ್ಬರು ಸಿಗುತ್ತಾರೆ. ಆದರೆ ದಾನಿಗಳನ್ನು ಗುಂಪಿಗೆ ಸೇರಿಸಬೇಡಿ, ಅವರ ನಂಬರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಆ ತೊಂದರೆ ಇಲ್ಲ. ಆದರೆ ಒಂದು ಪಟ್ಟಿಗೆ 256 ಜನ ಅಷ್ಟೇ. ಜೊತೆಗೆ, ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಒಮ್ಮೆ ದುಡ್ಡು ಕೊಟ್ಟು ಸುಮ್ಮನಾದವರು ನಮ್ಮ ನಂಬರ್ ಯಾಕೆ ಸೇವ್ ಮಾಡಿಕೊಳ್ಳುತ್ತಾರೆ? ತಲುಪಬೇಕಾದವರಿಗೇ ತಲುಪುವುದಿಲ್ಲ.

ಇಮೇಲ್ ಲೆಕ್ಕಪತ್ರಕ್ಕೆ, ರಸೀದಿಗೆ ಸರಿ. ಎಷ್ಟು ಜನ ತೆರೆದರು ಅನ್ನೋ ಅಂಕಿ ನೋಡಿ ಮಾತ್ರ ಹಿಗ್ಗಬೇಡಿ. ಇಮೇಲಿನೊಳಗಿನ ಒಂದು ಪುಟ್ಟ ಚಿತ್ರ ಇಳಿದರೆ ತೆರೆದರು ಅಂತ ಲೆಕ್ಕ. ಆಪಲ್ ತನ್ನ ಮೇಲ್ ಆ್ಯಪ್‌ಗೆ 2021ರಲ್ಲಿ ತಂದ ಖಾಸಗಿತನದ ಸೌಲಭ್ಯ ಆ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಓದದೇ ಇದ್ದರೂ ತೆರೆದ ಲೆಕ್ಕಕ್ಕೆ ಸೇರುತ್ತದೆ. ನಾನು ಈಗ ಎಷ್ಟು ಉತ್ತರ ಬಂತು ಅಂತ ಮಾತ್ರ ನೋಡುತ್ತೇನೆ.

ಫೋನ್ ಮಾಡುವುದು ನಿಧಾನದ ಕೆಲಸ, ಮುಜುಗರವೂ ಜಾಸ್ತಿ. ಸಂಸ್ಥೆಯ ಹೆಸರು ಹೇಳಿದ ತಕ್ಷಣ ಆ ಕಡೆಯ ದನಿ ಬಿಗಿಯಾಗುತ್ತದೆ. ಮತ್ತೆ ದುಡ್ಡು ಕೇಳ್ತಾರೆ ಅನ್ನೋ ಅನುಮಾನ, ಅಲ್ವಾ? "ಏನೂ ಕೇಳೋಕಲ್ಲ, ನೀವು ಕೊಟ್ಟಿದ್ದು ಯಾವುದಕ್ಕೆ ಬಳಕೆ ಆಯ್ತು ಅಂತ ಹೇಳೋಣ ಅಂತ" ಅಂದಾಗ ಮಾತು ಸಡಿಲವಾಗುತ್ತದೆ. ಯಾಕೆ ಕೊಟ್ಟೆವು ಅಂತ ಅವರೇ ಹೇಳತೊಡಗುತ್ತಾರೆ. ಆ ಮಾತು ಯಾವ ಇಮೇಲಿಗೂ ಉತ್ತರವಾಗಿ ಬಂದದ್ದಿಲ್ಲ. ಮತ್ತೆ ಆ ಕರೆಯಲ್ಲಿ ದುಡ್ಡಿನ ಮಾತು ತೆಗೆಯಲೇಬಾರದು, ಅವರೇ ತೆಗೆಯುವವರೆಗೆ.

ಸ್ವಯಂಸೇವಕರ ವಿಷಯದಲ್ಲೂ ಅಷ್ಟೇ. ಒಬ್ಬರು ಬರುವುದನ್ನೇ ನಿಲ್ಲಿಸಿದ್ದರು, ಗುಂಪಿನಲ್ಲಿ ಒಂದು ಮಾತೂ ಇಲ್ಲ. ಫೋನ್ ಮಾಡಿದಾಗ ವಿಷಯ ಹೊರಬಂತು: "ನಾನು ಲೆಕ್ಕಪರಿಶೋಧನೆ ಮಾಡೋಳು. ಬಂದಾಗೆಲ್ಲ ಕುರ್ಚಿ ಜೋಡಿಸೋಕೆ ಹೇಳ್ತೀರಿ." ಈಗ ನಮ್ಮ ಲೆಕ್ಕದ ಪುಸ್ತಕ ಅವರ ಕೈಯಲ್ಲಿದೆ.

ಕೇಳಿದ್ದನ್ನು ಬರೆದಿಡದಿದ್ದರೆ ಫೋನೂ ವ್ಯರ್ಥ. ದಾನಿಗಳಿಗೊಂದು, ಸ್ವಯಂಸೇವಕರಿಗೊಂದು ಪಟ್ಟಿ ಬೇಡ. ಒಬ್ಬರಿಗೆ ಒಂದೇ ಸಾಲು ಇರಲಿ. ಇಲ್ಲದಿದ್ದರೆ ವರ್ಷಗಟ್ಟಲೆ ದುಡಿದವರು ಮೊದಲ ಸಲ ದುಡ್ಡು ಕೊಟ್ಟಾಗ "ನಮ್ಮ ಸಂಸ್ಥೆಯ ಪರಿಚಯ" ಅಂತ ಪತ್ರ ಹೋಗುತ್ತದೆ! ಇದಕ್ಕೆಂದೇ ಸಿವಿಸಿಆರ್‌ಎಂನಂಥ ಉಚಿತ ತಂತ್ರಾಂಶ ಇದೆ, ಆದರೆ ಅದನ್ನು ನೋಡಿಕೊಳ್ಳೋಕೆ ಒಬ್ಬರು ಬೇಕು. ಕೆಲವು ನೂರು ಹೆಸರಿಗೆ ಸ್ಪ್ರೆಡ್‌ಶೀಟ್ ಸಾಕು.

ವಾರಕ್ಕೆ ಒಂದೇ ಗಂಟೆ ಸಿಗುತ್ತದೆ ಅಂದರೆ ಮೊದಲ ಸಲ ಕೊಟ್ಟವರಿಗೆ ಫೋನ್ ಮಾಡಿ, ಆಮೇಲೆ ಬರುವುದು ನಿಲ್ಲಿಸಿದವರಿಗೆ. ದೊಡ್ಡ ಮೊತ್ತ ಕೊಟ್ಟವರಿಗೆ ಹೇಗೂ ಅಧ್ಯಕ್ಷರೇ ಮಾಡುತ್ತಾರೆ.