ರಾಕ್‌ಬಾಕ್ಸ್ ಒಂದೇ, ಪ್ಲೇಯರ್ ಮೂರು

ಮ್ಯೂಸಿಕ್ ಪ್ಲೇಯರ್‌ಗಳನ್ನು ಹೋಲಿಸಲು ಕೂತರೆ ಅರ್ಧ ಜಗಳ ಸಾಫ್ಟ್‌ವೇರ್‌ದೇ ಇರುತ್ತದೆ. ಇದರಲ್ಲಿ ಫ್ಲಾಕ್ (ಗುಣಮಟ್ಟ ಕಳೆಯದ ಆಡಿಯೋ ಫಾರ್ಮ್ಯಾಟ್) ಓಡಲ್ಲ, ಅದರಲ್ಲಿ ಫೋಲ್ಡರ್ ಕಾಣಲ್ಲ, ಇನ್ನೊಂದಕ್ಕೆ ಐಟ್ಯೂನ್ಸ್ ಇಲ್ಲದೆ ಹಾಡು ಸೇರಲ್ಲ. ನನ್ನ ಹತ್ತಿರ ಇರುವ ಮೂರು ಪ್ಲೇಯರ್‌ಗಳ ನಡುವೆ ಈ ಜಗಳಕ್ಕೆ ಜಾಗವೇ ಇಲ್ಲ. ಮೂರರಲ್ಲೂ ಓಡುವುದು ರಾಕ್‌ಬಾಕ್ಸ್. ಅದೇ ಮೆನು, ಅದೇ ಸೆಟ್ಟಿಂಗ್, ಅದೇ ಈಕ್ವಲೈಜರ್. ಹೋಲಿಸಲು ಉಳಿಯುವುದು ಬಟನ್, ಪರದೆ, ಬ್ಯಾಟರಿ ಮತ್ತು ಹಾಡಿಗೆ ಇರುವ ಜಾಗ. ಇಷ್ಟರಲ್ಲಿ ಏನು ಮಹಾ ವ್ಯತ್ಯಾಸ ಅನ್ನಿಸಬಹುದು. ಬಳಸಿದರೆ ಗೊತ್ತಾಗುತ್ತದೆ, ವ್ಯತ್ಯಾಸವೆಲ್ಲ ಅಲ್ಲೇ ಇರುವುದು.

ರಾಕ್‌ಬಾಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. 2001ರ ಕೊನೆಗೆ ಸ್ವೀಡನ್ನಿನ ಕೆಲವು ಪ್ರೋಗ್ರಾಮರ್‌ಗಳು ಆರ್ಕೋಸ್ ಜೂಕ್‌ಬಾಕ್ಸ್ ಅನ್ನುವ ಪ್ಲೇಯರ್‌ಗೆ ತಾವೇ ಆಪರೇಟಿಂಗ್ ಸಿಸ್ಟಂ ಬರೆಯಲು ಶುರು ಮಾಡಿದರು. ಅವರಲ್ಲಿ ಒಬ್ಬರು ಡೇನಿಯಲ್ ಸ್ಟೆನ್‌ಬರ್ಗ್. ಇಂಟರ್ನೆಟ್‌ನಿಂದ ಫೈಲ್ ತರಿಸಲು ಇವತ್ತು ಎಲ್ಲ ಕಡೆ ಬಳಕೆಯಲ್ಲಿರುವ ಕರ್ಲ್ ಅನ್ನುವ ಸಾಫ್ಟ್‌ವೇರ್ ಬರೆದವರು ಇವರೇ. ಜಿಪಿಎಲ್ ಲೈಸೆನ್ಸ್, ಪುಕ್ಕಟೆ, ಕೋಡ್ ಎಲ್ಲರಿಗೂ ತೆರೆದಿದೆ. ಆಮೇಲೆ ಬೇರೆ ಬೇರೆ ಕಂಪನಿಗಳ ಎಷ್ಟೋ ಪ್ಲೇಯರ್‌ಗಳಿಗೆ ಅದನ್ನು ಒಗ್ಗಿಸುತ್ತಾ ಬಂದರು. ಕೆಲಸ ನಿಧಾನ, ಆದರೆ ನಿಂತಿಲ್ಲ. ಅದರ 3.15 ಆವೃತ್ತಿ ಬಂದದ್ದು 2019ರಲ್ಲಿ, 4.0 ಬಂದದ್ದು 2025ರಲ್ಲಿ.

ನನ್ನ ಮೂರು ಹೀಗಿವೆ. ಸ್ಯಾಂಡಿಸ್ಕ್ ಸ್ಯಾನ್ಸಾ ಕ್ಲಿಪ್ ಪ್ಲಸ್, 2009ರದ್ದು. ಐಪಾಡ್ ವಿಡಿಯೋ, 2006ರ 80 ಜಿಬಿ ಮಾಡೆಲ್. ಫಿಯೋ ಎಂ3ಕೆ, 2018ರದ್ದು. ನಾನು ಕೇಳುವುದು ಕರ್ನಾಟಕ ಸಂಗೀತದ ಕಛೇರಿ, ಒಂದಿಷ್ಟು ಭಾವಗೀತೆ, ಎಲ್ಲಕ್ಕಿಂತ ಜಾಸ್ತಿ ತಾಳಮದ್ದಳೆ ಮತ್ತು ರಾತ್ರಿಯಿಡೀ ಆಡಿದ ಯಕ್ಷಗಾನದ ರೆಕಾರ್ಡಿಂಗ್. ಐದಾರು ಗಂಟೆಯ ಒಂದೇ ಫೈಲ್ ಅಂದರೆ ಯಾವ ಪ್ಲೇಯರ್‌ನ ಬಂಡವಾಳವಾದರೂ ಬಯಲಾಗುತ್ತದೆ. ಮೂರು ನಿಮಿಷದ ಸಿನಿಮಾ ಹಾಡನ್ನು ಯಾವುದು ಬೇಕಾದರೂ ಹಾಡುತ್ತದೆ ಬಿಡಿ.

ಕ್ಲಿಪ್ ಪ್ಲಸ್‌ನಿಂದ ಶುರು ಮಾಡುತ್ತೇನೆ. ಗಾತ್ರ ಬೆಂಕಿಪೊಟ್ಟಣದಷ್ಟು, ಹಿಂದೆ ಬಟ್ಟೆಗೆ ಸಿಕ್ಕಿಸುವ ಕ್ಲಿಪ್. ಪರದೆ ಪುಟ್ಟ ಓಎಲ್‌ಇಡಿ: ಮೇಲಿನ ಪಟ್ಟಿ ಹಳದಿ, ಕೆಳಗಿನದೆಲ್ಲ ನೀಲಿ. ಆಲ್ಬಂ ಚಿತ್ರ ಅಂತೆಲ್ಲ ಆಸೆ ಇಟ್ಟುಕೊಳ್ಳುವಂತಿಲ್ಲ. ಆದರೆ ಬಟನ್‌ಗಳು ನಿಜವಾದ ಬಟನ್‌ಗಳು. ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಒಂದು, ಪಕ್ಕದಲ್ಲಿ ಹೋಮ್, ಬದಿಗೆ ವಾಲ್ಯೂಮ್. ಒತ್ತಿದರೆ ಟಿಕ್ ಅನ್ನುತ್ತದೆ. ಜೇಬಿನೊಳಗೆ ಕೈ ಹಾಕಿ, ನೋಡದೆ, ಯಾವುದು ಯಾವುದು ಅಂತ ಹೆಬ್ಬೆರಳಿಗೇ ಗೊತ್ತಾಗುತ್ತದೆ.

ತಾಳಮದ್ದಳೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ರಾಕ್‌ಬಾಕ್ಸ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಸ್ಕಿಪ್ ಲೆಂತ್ ಅಂತ ಒಂದಿದೆ. ಅದನ್ನು ಒಂದು ನಿಮಿಷಕ್ಕೆ ಇಟ್ಟರೆ, ಬಲ ಬಟನ್ ಒತ್ತಿದಾಗ ಮುಂದಿನ ಫೈಲ್‌ಗೆ ಹೋಗುವ ಬದಲು ಒಂದು ನಿಮಿಷ ಮುಂದೆ ಹಾರುತ್ತದೆ. ಅರ್ಥಧಾರಿಗಳ ಜಗ್ಗಾಟ ಸ್ವಲ್ಪ ಅತಿಯಾಯಿತೋ, ಟಿಕ್ ಟಿಕ್. ಭಾಗವತರ ಪದ ಇನ್ನೊಮ್ಮೆ ಬೇಕೋ, ಎಡಕ್ಕೆ ಟಿಕ್. ನಿಲ್ಲಿಸಿದ ಕಡೆ ತಾನಾಗಿಯೇ ಬುಕ್‌ಮಾರ್ಕ್ ಬೀಳುವಂತೆ ಹೇಳಿಟ್ಟರೆ, ನಡುವೆ ಬೇರೆ ಏನೇ ಕೇಳಿ ಬಂದರೂ ಆ ಫೈಲ್ ಬಿಟ್ಟ ಜಾಗದಿಂದಲೇ ಶುರುವಾಗುತ್ತದೆ. ಬುಕ್‌ಮಾರ್ಕ್ ಐಪಾಡ್‌ನಲ್ಲೂ ಬೀಳುತ್ತದೆ, ಎಂ3ಕೆಯಲ್ಲೂ ಬೀಳುತ್ತದೆ. ಸಾಫ್ಟ್‌ವೇರ್ ಒಂದೇ ಅಲ್ವಾ? ಆದರೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಾಗ ಇದನ್ನೆಲ್ಲ ಆರಾಮಾಗಿ ಮಾಡಲು ಆಗುವುದು ಕ್ಲಿಪ್‌ನಲ್ಲಿ ಮಾತ್ರ.

ಜಾಗದ ಮಾತು. ಕ್ಲಿಪ್‌ನ ಒಳಗೆ ಇರುವುದು ಕೆಲವೇ ಜಿಬಿ, ಜೊತೆಗೆ ಒಂದು ಮೈಕ್ರೋಎಸ್‌ಡಿ ಕಿಂಡಿ. 64 ಜಿಬಿ ಕಾರ್ಡ್ ಹಾಕಿದರೂ ರಾಕ್‌ಬಾಕ್ಸ್ ಓದುತ್ತದೆ, ಆದರೆ ಕಾರ್ಡನ್ನು ಫ್ಯಾಟ್32 ಅನ್ನುವ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿಕೊಂಡಿರಬೇಕು. ಅಂಗಡಿಯಿಂದ ತಂದ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತದೆ. ಅದನ್ನು ಹಾಗೇ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕೊಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಮಾತು ಜಾಸ್ತಿ ಇರುವ ರೆಕಾರ್ಡಿಂಗ್‌ಗಳನ್ನು ನಾನು ಓಪಸ್ ಅನ್ನುವ, ಫೈಲ್ ಚಿಕ್ಕದಾಗಿಸುವ ಆಡಿಯೋ ಫಾರ್ಮ್ಯಾಟ್‌ಗೆ ಬದಲಾಯಿಸಿಕೊಳ್ಳುತ್ತೇನೆ, ಮೋನೋ, 32 ಕೆಬಿಪಿಎಸ್. ಲೆಕ್ಕ ಹಾಕಿ: ಗಂಟೆಗೆ ಸುಮಾರು 14 ಎಂಬಿ. ಆರು ಗಂಟೆಯ ತಾಳಮದ್ದಳೆ 90 ಎಂಬಿಯೊಳಗೆ ಮುಗಿಯುತ್ತದೆ. ಚೆಂಡೆ ಮದ್ದಳೆಯ ನಾದ ಸ್ವಲ್ಪ ಮೊಂಡಾಗುತ್ತದೆ, ಅರ್ಥ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಇಲ್ಲಿ ಒಂದು ಮಜಾ ಇದೆ. ಓಪಸ್ ಪ್ರಮಾಣಿತ ರೂಪಕ್ಕೆ ಬಂದದ್ದೇ 2012ರಲ್ಲಿ, ಈ ಪ್ಲೇಯರ್ ಮಾರುಕಟ್ಟೆಗೆ ಬಂದು ಮೂರು ವರ್ಷದ ಮೇಲೆ. ಮಾಡಿದ ಕಂಪನಿ ಕನಸಲ್ಲೂ ನೆನೆಸಿರದ ಫಾರ್ಮ್ಯಾಟನ್ನು ಅದು ಸಲೀಸಾಗಿ ಹಾಡುತ್ತಿದೆ.

ಐಪಾಡ್‌ಗೆ ಬರೋಣ. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮಾರಿದವರು ಬ್ಯಾಟರಿ ಸೂಪರ್ ಅಂದಿದ್ದರು, ಕೈಗೆ ಬಂದಾಗ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ಸರಿ, ಬಿಚ್ಚಿದ್ದಾಯಿತು. ಸ್ಕ್ರೂ ಒಂದೂ ಇಲ್ಲದೆ ಬರೀ ಕೊಂಡಿಗಳ ಮೇಲೆ ಕೂತಿರುವ ಉಕ್ಕಿನ ಬೆನ್ನು ಅದು. ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ ಸುತ್ತಲೂ ಮೀಟಬೇಕು. ಬಿಚ್ಚಿಕೊಂಡಿತು ಅಂತ ಸರ್ರನೆ ಎಳೆದರೆ ಕೆಲಸ ಕೆಟ್ಟಿತು. ಬ್ಯಾಟರಿಯ ರಿಬ್ಬನ್ನೂ (ಚಪ್ಪಟೆ ಕೇಬಲ್) ಹೆಡ್‌ಫೋನ್ ಜ್ಯಾಕಿನ ರಿಬ್ಬನ್ನೂ ಎರಡೂ ಭಾಗಕ್ಕೆ ಅಂಟಿಕೊಂಡೇ ಇರುತ್ತವೆ. ಬ್ಯಾಟರಿ ರಿಬ್ಬನ್ ಹಿಡಿದಿರುವ ಕಂದು ಬಣ್ಣದ ಅಗುಳಿ ಅಕ್ಕಿಕಾಳಿಗಿಂತ ಚಿಕ್ಕದು, ಅದನ್ನು ಉಗುರಿನಿಂದ ಮೇಲೆತ್ತಬೇಕು, ಮುರಿಯದ ಹಾಗೆ. ಬಿಚ್ಚಿದ ಮೇಲೆ ಸುಮ್ನೆ ಮುಚ್ಚುವುದೇಕೆ ಅಂತ, ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಹಿಡಿಸುವ ಅಡಾಪ್ಟರ್ ಹಾಕಿದೆ. ತೂಕ ಇಳಿಯಿತು, ಡಿಸ್ಕ್ ತಿರುಗುವ ಸಣ್ಣ ಗುರುಗುರು ಹೋಯಿತು, ಬಿದ್ದರೆ ಡಿಸ್ಕ್ ಸಾಯುತ್ತದೆ ಅನ್ನುವ ಹೆದರಿಕೆಯೂ ಹೋಯಿತು.

ನೀವು ಹಾರ್ಡ್ ಡಿಸ್ಕ್ ಸಮೇತ ಇಟ್ಟುಕೊಳ್ಳುವುದಾದರೆ ಒಂದು ವಿಷಯ ಗಮನಿಸಿ. ಇದೇ ಐಪಾಡ್‌ನ 30 ಜಿಬಿ ಮಾಡೆಲ್‌ಗೆ ರ‍್ಯಾಮ್ 32 ಎಂಬಿ, 80 ಜಿಬಿಗೆ 64 ಎಂಬಿ. ಒಂದಷ್ಟು ಹಾಡನ್ನು ರ‍್ಯಾಮ್‌ಗೆ ತುಂಬಿಕೊಂಡು ಡಿಸ್ಕನ್ನು ಮಲಗಿಸುವುದು ರಾಕ್‌ಬಾಕ್ಸ್‌ನ ಪದ್ಧತಿ. ರ‍್ಯಾಮ್ ದೊಡ್ಡದಿದ್ದಷ್ಟೂ ಡಿಸ್ಕ್ ಏಳುವುದು ಕಡಿಮೆ, ಬ್ಯಾಟರಿ ಖರ್ಚೂ ಕಡಿಮೆ. ಕಾರ್ಡ್ ಹಾಕಿದ ಮೇಲೆ ಈ ಲೆಕ್ಕಕ್ಕೆ ಅಷ್ಟು ಬೆಲೆ ಇಲ್ಲ.

ಐಪಾಡ್‌ನಲ್ಲಿ ಕಛೇರಿ ಕೇಳುವ ಸುಖವೇ ಬೇರೆ. ದೊಡ್ಡ ಬಣ್ಣದ ಪರದೆ, ಬೇಕಾದ ಥೀಮ್, ಇಡೀ ಸಂಗ್ರಹ ಒಂದೇ ಕಡೆ. ಆಲಾಪನೆ ಒಂದು ಟ್ರ್ಯಾಕ್, ಕೃತಿ ಒಂದು, ತನಿ ಆವರ್ತನ ಇನ್ನೊಂದು ಅಂತ ಕತ್ತರಿಸಿದ ಸಿಡಿಗಳನ್ನು ಫ್ಲಾಕ್‌ಗೆ ತಂದು ಹಾಕಿದರೆ, ಎಲ್ಲೂ ಅರೆಕ್ಷಣದ ಮೌನ ಇಲ್ಲದೆ ಒಂದರೊಳಗೊಂದು ಹರಿಯುತ್ತದೆ. ಮೃದಂಗದ ಮುಕ್ತಾಯ ಟ್ರ್ಯಾಕಿನ ಗಡಿ ದಾಟುವಾಗ ತುಂಡಾದರೆ ಹೇಗಿರುತ್ತದೆ ಅಂತ ಕೇಳಿದವರಿಗೆ ಗೊತ್ತು. ಹಳೇ ಧ್ವನಿಮುದ್ರಿಕೆಯಿಂದ ಹೊಸದಕ್ಕೆ ಹಾರಿದಾಗ ಕಿವಿ ಬೆಚ್ಚದಿರಲು, ಹಾಡುಗಳ ಸದ್ದಿನ ಮಟ್ಟ ಸಮ ಮಾಡುವ ರಿಪ್ಲೇಗೇನ್ ಇದೆ. ಹೆಡ್‌ಫೋನ್‌ನಲ್ಲಿ ಪಿಟೀಲು ಪೂರ್ತಿ ಎಡಗಿವಿಗೆ, ಮೃದಂಗ ಪೂರ್ತಿ ಬಲಗಿವಿಗೆ ಹಾಕಿದ ಹಳೇ ಸ್ಟೀರಿಯೋ ರೆಕಾರ್ಡಿಂಗ್‌ಗಳಿಗೆ, ಎರಡೂ ಕಡೆಯ ಸದ್ದನ್ನು ಸ್ವಲ್ಪ ಬೆರೆಸುವ ಕ್ರಾಸ್‌ಫೀಡ್ ಇದೆ. ಇದನ್ನು ಒಮ್ಮೆ ಹಾಕಿದ ಮೇಲೆ ನಾನು ತೆಗೆದಿಲ್ಲ.

ಆದರೆ ಐಪಾಡ್‌ನ ಪ್ರಸಿದ್ಧ ಚಕ್ರ ರಾಕ್‌ಬಾಕ್ಸ್‌ನಲ್ಲಿ ಸ್ವಲ್ಪ ಮಂಕು. ಆಪಲ್‌ನ ಸಾಫ್ಟ್‌ವೇರ್‌ನಲ್ಲಿ ನಡುವಿನ ಬಟನ್ ಒತ್ತಿ ಚಕ್ರ ತಿರುಗಿಸಿದರೆ ಹಾಡಿನ ಒಳಗೆ ಎಲ್ಲಿಗೆ ಬೇಕಾದರೂ ಓಡಬಹುದು. ಎಷ್ಟು ನುಣುಪು ಅಂದರೆ, ಅದೊಂದಕ್ಕೇ ಅದನ್ನು ಉಳಿಸಿಕೊಳ್ಳಬೇಕು ಅನ್ನಿಸುತ್ತದೆ. ರಾಕ್‌ಬಾಕ್ಸ್‌ನಲ್ಲಿ ಹಾಡು ಓಡುವಾಗ ಚಕ್ರ ವಾಲ್ಯೂಮ್‌ಗೆ ಮಾತ್ರ. ಮುಂದೆ ಓಡಲು ಬಟನ್ ಒತ್ತಿಹಿಡಿಯಬೇಕು. ಐದು ಗಂಟೆಯ ಫೈಲ್‌ನಲ್ಲಿ ಇದು ತಾಳ್ಮೆಯ ಪರೀಕ್ಷೆ. ಇಲ್ಲೂ ಸ್ಕಿಪ್ ಲೆಂತ್ ಇದೆ ನಿಜ, ಆದರೆ ಚಕ್ರದ ಅಂಚಿನಲ್ಲಿ ಒತ್ತುವಾಗ ಬೆರಳು ಜಾರಿ ವಾಲ್ಯೂಮ್ ಏರುತ್ತದೆ. ಪಟ್ಟಿಯಲ್ಲಿ ಸಾವಿರ ಹಾಡು ಹುಡುಕಲು ಚಕ್ರದಷ್ಟು ಚೆನ್ನಾಗಿರುವುದು ಇನ್ನೊಂದಿಲ್ಲ. ಒಂದೇ ಹಾಡಿನ ಒಳಗೆ ಓಡಾಡಲು ಕ್ಲಿಪ್‌ನ ಟಿಕ್ ಬಟನ್ನೇ ವಾಸಿ. ಇನ್ನೊಂದು, ಐಪಾಡ್‌ನ ಹಳೇ ಪ್ರೊಸೆಸರ್‌ಗೆ ಓಪಸ್ ಸ್ವಲ್ಪ ಭಾರ, ಬ್ಯಾಟರಿ ಬೇಗ ಇಳಿಯುತ್ತದೆ. ಫ್ಲಾಕ್ ಬಿಚ್ಚುವುದು ಹಗುರ ಕೆಲಸ, ಹಾಗಾಗಿ ಇದರಲ್ಲಿ ಫ್ಲಾಕ್, ಕ್ಲಿಪ್‌ನಲ್ಲಿ ಓಪಸ್ ಅಂತ ಹಂಚಿಬಿಟ್ಟಿದ್ದೇನೆ.

ರಾಕ್‌ಬಾಕ್ಸ್ ಹಾಕಿದರೆ ಆಪಲ್‌ನ ಸಾಫ್ಟ್‌ವೇರ್ ಅಳಿಸಿಹೋಗುತ್ತದೆ ಅಂತ ಹೆದರಬೇಕಿಲ್ಲ. ಆನ್ ಮಾಡಿದ ತಕ್ಷಣ ಹೋಲ್ಡ್ ಸ್ವಿಚ್ ತಳ್ಳಿದರೆ ಹಳೆಯದೇ ತೆರೆದುಕೊಳ್ಳುತ್ತದೆ. ಕ್ಲಿಪ್‌ನಲ್ಲಿ ಎಡ ಬಟನ್ ಒತ್ತಿಕೊಂಡು ಆನ್ ಮಾಡಬೇಕು.

ಎಂ3ಕೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಗದದ ಮೇಲೆ ನೋಡಿದರೆ ಮೂರರಲ್ಲಿ ಇದೇ ಗೆಲ್ಲಬೇಕು. ಹೊಸದು, ಪ್ರೊಸೆಸರ್ ಚುರುಕು, ಎರಡು ಇಂಚಿನ ಬಣ್ಣದ ಪರದೆ, ದೊಡ್ಡ ಕಾರ್ಡ್ ಹಿಡಿಯುತ್ತದೆ. ಒಳಗೆ ಸ್ವಂತ ಮೆಮೊರಿ ಇಲ್ಲ, ಎಲ್ಲವೂ ಕಾರ್ಡಿನ ಮೇಲೆ. ತೊಂದರೆ ಏನೆಂದರೆ ಮುಂಭಾಗದ ಬಟನ್‌ಗಳೆಲ್ಲ ಮುಟ್ಟಿದರೆ ಕೆಲಸ ಮಾಡುವಂಥವು, ನಡುವಿನ ಉದ್ದ ಪಟ್ಟಿಯೂ ಅಷ್ಟೇ. ಬೆರಳು ಒದ್ದೆ ಇದ್ದರೆ ಎಲ್ಲೋ ಹೋಗುತ್ತದೆ, ಜೇಬಿನೊಳಗೆ ಯಾವುದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಬದಿಯಲ್ಲಿ ಪ್ಲೇ, ವಾಲ್ಯೂಮ್, ಪವರ್ ಬಟನ್ ಇರುವುದರಿಂದ ಮಾನ ಉಳಿದಿದೆ. ನಾನು ಇದನ್ನು ಮೇಜಿನ ಮೇಲಿಟ್ಟು ಅಭ್ಯಾಸಕ್ಕೆ ಬಳಸುತ್ತೇನೆ.

ಅಭ್ಯಾಸ ಅಂದೆ. ರಾಕ್‌ಬಾಕ್ಸ್‌ನ ಪಿಚ್ ಪರದೆ ಹಾಡುವವರಿಗೆ, ನುಡಿಸುವವರಿಗೆ ತುಂಬಾ ಬೇಕಾದದ್ದು. ಟೈಮ್‌ಸ್ಟ್ರೆಚ್ ಚಾಲೂ ಮಾಡಿದರೆ ವೇಗ ಬೇರೆ, ಶ್ರುತಿ ಬೇರೆ ಬದಲಾಯಿಸಬಹುದು. ಭಾಗವತರು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದ ಪದವನ್ನು ಬಿಳಿ ಮೂರಕ್ಕೆ ಏರಿಸಿ, ಅಂದರೆ ಅರ್ಧ ಸ್ವರ ಮೇಲಕ್ಕೆ, ತಾಳ ಕೆಡದಂತೆ ಕೇಳಬಹುದು. ಬಿರುಸಾದ ಒಂದು ಸಂಗತಿಯನ್ನು ಮುಕ್ಕಾಲು ವೇಗಕ್ಕೆ ಇಳಿಸಿ ಬೆರಳು ಎಲ್ಲೆಲ್ಲಿ ಹೋಗುತ್ತದೆ ಅಂತ ಹಿಡಿಯಬಹುದು. ದನಿ ಸ್ವಲ್ಪ ಲೋಹದಂತಾಗುತ್ತದೆ, ಕಲಿಯಲು ಅಡ್ಡಿಯಿಲ್ಲ. ಇಲ್ಲಿ ಮಾತ್ರ ಎಂ3ಕೆಯ ಚುರುಕು ಕೆಲಸಕ್ಕೆ ಬರುತ್ತದೆ, ಯಾವ ಫಾರ್ಮ್ಯಾಟ್ ಕೊಟ್ಟರೂ ತಡವರಿಸುವುದಿಲ್ಲ.

ಸದ್ದಿನ ಬಗ್ಗೆ ಏನೂ ಹೇಳಲಿಲ್ಲ ಅಲ್ವಾ? ಐಪಾಡ್‌ನಲ್ಲಿ ಸದ್ದು ಹೊರಡಿಸುವ ವೋಲ್ಫ್‌ಸನ್ ಚಿಪ್‌ನ ಮಹಿಮೆ ಕೊಂಡಾಡುವವರು ಬಹಳ ಮಂದಿ. ನನ್ನ ಮಾಮೂಲಿ ಇಯರ್‌ಫೋನ್‌ನಲ್ಲಿ, ಮೂರರ ವಾಲ್ಯೂಮನ್ನೂ ಸಮ ಮಾಡಿಕೊಂಡು ಕೇಳಿದರೆ, ನನಗೆ ಯಾವುದು ಯಾವುದು ಅಂತ ಹೇಳಲು ಬರುವುದಿಲ್ಲ. ಹೇಳಬಲ್ಲವರು ಇರಬಹುದು, ಅವರ ಕಿವಿಗೆ ನಮಸ್ಕಾರ.

ಮೂರರಲ್ಲಿ ಯಾವುದರಲ್ಲೂ ಇಲ್ಲದ್ದು ಎರಡು. ಒಂದು ಬ್ಲೂಟೂತ್. "ಮಾಮ, ಇಷ್ಟೆಲ್ಲ ಮಾಡಿ ವೈರ್ ಹಾಕ್ಕೊಂಡು ಕೇಳ್ತೀಯಾ?" ಅಂತ ಅಕ್ಕನ ಮಗ ನಗುತ್ತಾನೆ. ನಗಲಿ. ಇನ್ನೊಂದು ಕನ್ನಡ, ಇದು ನಿಜವಾಗಿ ಬೇಜಾರಿನ ವಿಷಯ. ರಾಕ್‌ಬಾಕ್ಸ್‌ಗೆ ಯೂನಿಕೋಡ್ ಬರುತ್ತದೆ, ಅರೇಬಿಕ್ ಹೀಬ್ರೂಗಳನ್ನು ಬಲದಿಂದ ಎಡಕ್ಕೆ ಬರೆಯುತ್ತದೆ. ಆದರೆ ನಮ್ಮ ಲಿಪಿಗಳ ಅಕ್ಷರ ಜೋಡಿಸುವ ವ್ಯವಸ್ಥೆ ಅದರಲ್ಲಿಲ್ಲ. ಕನ್ನಡ ಇರುವ ಫಾಂಟ್ ಹಾಕಿದರೂ ಒತ್ತಕ್ಷರ ಕೆಳಗಿಳಿಯುವುದಿಲ್ಲ. 'ಕೃಷ್ಣ' ಅಂದರೆ ಷ ಒಂದು ಕಡೆ, ಹಲಂತದ ಗುರುತು ಒಂದು ಕಡೆ, ಣ ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೂರುತ್ತವೆ. ಹಾಗಾಗಿ ಫೈಲ್ ಹೆಸರು, ಟ್ಯಾಗ್ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಿದ್ದೇನೆ. ಕೋಡ್ ತೆರೆದೇ ಇದೆ, ಸಿ ಭಾಷೆ ಗೊತ್ತಿರುವ ಕನ್ನಡಿಗರು ಯಾರಾದರೂ ಕೈ ಹಾಕಿದರೆ ಪುಣ್ಯ ಕಟ್ಟಿಕೊಳ್ಳುತ್ತಾರೆ.

ಒಂದೇ ಇಟ್ಟುಕೊಳ್ಳಬೇಕು ಅಂದರೆ ನಾನು ಕ್ಲಿಪ್ ಪ್ಲಸ್ ಇಟ್ಟುಕೊಳ್ಳುತ್ತೇನೆ, ಯೋಚನೆಯೇ ಇಲ್ಲ. ಕಛೇರಿ ಸಂಗ್ರಹ ದೊಡ್ಡದಿದ್ದು, ಬಿಚ್ಚಿ ಜೋಡಿಸುವ ಹುಚ್ಚೂ ಇದ್ದರೆ ಐಪಾಡ್. ಎರಡೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗಬೇಕು. ಕ್ಲಿಪ್ ಕೊಳ್ಳುವಾಗ ಕಾರ್ಡ್ ಹಾಕಿ ತೆಗೆದು ನೋಡಿ, ಮಿನಿ ಯುಎಸ್‌ಬಿ ಕೇಬಲ್ ಜೊತೆಗೇ ಕೇಳಿ ತಗೊಳ್ಳಿ, ಈಗ ಮನೆಯಲ್ಲಿ ಅದು ಯಾರ ಹತ್ತಿರವೂ ಇರುವುದಿಲ್ಲ. ಐಪಾಡ್ ಆದರೆ ಹೋಲ್ಡ್ ಸ್ವಿಚ್ ಅತ್ತಿತ್ತ ತಳ್ಳಿ, ಹೆಡ್‌ಫೋನ್ ಪಿನ್ನನ್ನು ಜ್ಯಾಕಿನೊಳಗೆ ತಿರುಗಿಸಿ ಎರಡೂ ಕಿವಿಗೆ ಸದ್ದು ಬರುತ್ತದಾ ನೋಡಿ. ಎರಡೂ ಒಂದೇ ರಿಬ್ಬನ್‌ನಲ್ಲಿ ಇರುವುದರಿಂದ ಯಾವುದು ಕೆಟ್ಟರೂ ಇಡೀ ಭಾಗ ಬದಲಾಯಿಸಬೇಕಾಗುತ್ತದೆ.